ಮನೆ ಹೋಯಿತು, ಮಗಳ ಶಾಲೆಯನ್ನೂ ಬಿಡಿಸಬೇಕೇ?

ಸುಂಟಿಕೊಪ್ಪ ಕಡೆಯ ತಾಯಿಯ ಪ್ರಶ್ನೆ: ತೋಟದ ಕೆಲಸ ಹೋಯಿತು, ಅದರೊಡನೆ ತೋಟದವರು ಕೊಟ್ಟಿದ್ದ ಲೈನ್ ಮನೆಯೂ ಹೋಯಿತು. ಈಗ ತಂಗಿಯ ಒಂದೇ ಕೋಣೆಯ ಮನೆಯಲ್ಲಿ ಎರಡು ಸಂಸಾರ. ಎಂಟನೆಯ ತರಗತಿಯ ಮಗಳಿಗೆ ಕುಳಿತು ಓದಲು ಜಾಗವಿಲ್ಲ. ಶಾಲೆಯಲ್ಲಿ ಯಾರಿಗೂ ಹೇಳಬೇಡ ಎಂದು ಅಳುತ್ತಾಳೆ. ಶಾಲೆ ಬಿಡಿಸಿ ದೂರದ ಹಾಸ್ಟೆಲ್‌ಗೆ ಸೇರಿಸಲೇ? ಅನುಭವವಿದ್ದವರು ತಿಳಿಸಿ.

ಮಡಿಕೇರಿ ತಾಲ್ಲೂಕಿನಿಂದ: ಅಕ್ಕಾ, ದಯವಿಟ್ಟು ಈಗಲೇ ಬಿಡಿಸಬೇಡಿ. 2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದು ನಮ್ಮ ಮನೆ ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪರಿಹಾರ ಕೇಂದ್ರದಲ್ಲಿ ರಾತ್ರಿಯೆಲ್ಲ ದೀಪ, ಮಾತು, ಎಳೆಮಕ್ಕಳ ಅಳು; ಓದು ತಲೆಗೆ ಹತ್ತುತ್ತಿರಲಿಲ್ಲ. ಉಳಿದದ್ದೆಲ್ಲ ಬದಲಾದರೂ ಅದೇ ಬೆಂಚು, ಅದೇ ಗೆಳತಿ, ಅದೇ ಟೀಚರ್ ಇದ್ದರಲ್ಲ, ಅದರಿಂದಲೇ ನಾನು ಉಳಿದೆ. ಅಮ್ಮ ಕ್ಲಾಸ್ ಟೀಚರ್‌ಗೆ ಮಾತ್ರ ವಿಷಯ ತಿಳಿಸಿದರು. ಅವರು ತರಗತಿಯಲ್ಲಿ ಆ ಮಾತನ್ನೇ ಎತ್ತಲಿಲ್ಲ. ಸಂಜೆ ಬಸ್ ಬರುವವರೆಗೆ ಶಾಲೆಯಲ್ಲೇ ಕುಳಿತು ಬರೆಯಲು ಬಿಟ್ಟರು, ನನ್ನ ಪುಸ್ತಕಗಳಿಗೆ ಬೀರುವಿನಲ್ಲಿ ಜಾಗ ಮಾಡಿಕೊಟ್ಟರು. ನಮ್ಮ ಮಳೆಗಾಲದಲ್ಲಿ ಪುಸ್ತಕ ನೆನೆಯದೆ ಉಳಿಯುವುದೇ ದೊಡ್ಡ ವಿಷಯ. ಯಾವ ಟೀಚರ್‌ಗೆ ಹೇಳಬಹುದೆಂದು ಮಗಳನ್ನೇ ಕೇಳಿ, ಅವಳು ಒಪ್ಪಿದವರಿಗಷ್ಟೇ ಹೇಳಿ. ಎಲ್ಲರೆದುರು ಕರೆದು ಬಟ್ಟೆ, ಚೀಲ ಕೊಡುವ ಕನಿಕರ ಆ ವಯಸ್ಸಿನಲ್ಲಿ ಬಹಳ ನೋಯಿಸುತ್ತದೆ.

ವಿರಾಜಪೇಟೆಯ ಶಿಕ್ಷಕಿಯಿಂದ: ಮುಂದೆ ದೂರದಲ್ಲಿ ಮನೆ ಸಿಕ್ಕಿ ಶಾಲೆ ಬದಲಿಸಲೇಬೇಕಾದರೆ ಕಾಗದಪತ್ರಕ್ಕೆ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಎಂಟನೆಯ ತರಗತಿಯವರೆಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಶಾಲೆಯಲ್ಲಿ ದಾಖಲಾತಿ ನಿರಾಕರಿಸುವಂತಿಲ್ಲ. ಹಾಸ್ಟೆಲ್ ಬೇಕೆಂದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಈಗಿನ ಶಾಲೆಗೆ ಹೋಗಿಬರಲು ಆಗುವ ಹಾಸ್ಟೆಲ್ ಇದ್ದರೆ ಒಳ್ಳೆಯದು. ಆದರೆ ಮಗಳು ಒಪ್ಪದೆ ಕಳುಹಿಸಬೇಡಿ. ಮನೆ ಕಳೆದುಕೊಂಡ ಹೊತ್ತಿನಲ್ಲೇ ಅಮ್ಮನೂ ದೂರವಾದರೆ ಅದು ಅವಳಿಗೆ ಶಿಕ್ಷೆಯಂತೆ ಕಾಣುತ್ತದೆ.

ಸೋಮವಾರಪೇಟೆಯಿಂದ: ಟೀಚರ್ ಹೇಳಿದ್ದು ಸರಿ. ಇನ್ನೊಂದು ಮಾತು: ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಜೋರಾದಾಗ, ಕೂಲಿಗೆ ಇನ್ನೊಂದು ಕೈ ಸಿಗಲೆಂದು ಅವಳನ್ನು ತೋಟಕ್ಕೆ ಕರೆದೊಯ್ಯಬೇಡಿ. ನಮ್ಮ ಅಣ್ಣನ ಓದು ನಿಂತದ್ದು ಹಾಗೆಯೇ; ಕೊಯ್ಲು ಮುಗಿದ ಮೇಲೆ ತರಗತಿಗೆ ಮರಳಲು ಅವನಿಗೆ ನಾಚಿಕೆಯಾಯಿತು. ತಂಗಿಯ ಮನೆಯಲ್ಲೂ ಇರಲಾಗದೆ ರಾತ್ರಿ ತಂಗಲು ಜಾಗವೇ ಇಲ್ಲವೆಂದಾದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಹಣ ಕೊಡಬೇಕಿಲ್ಲ.