ರಾಡ್ ಮೇಲಿನ ಹೆಸರು ಮಬ್ಬಾಗಿದ್ದಕ್ಕೆ

ತಮ್ಮಾ, ಗ್ರೂಪಲ್ಲಿ ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಮಾವನಿಗೆ ಕೊಡೋಕೆ ನೀನು ಕಟ್ಟಿದ ಮೀನು ಹಿಡಿಯೋ ರಾಡ್, ಅದರ ಮೇಲೆ ಅವರ ಹೆಸರಿನ ಡಿಕಾಲ್, ಅಂದ್ರೆ ನೀರಲ್ಲಿ ನೆನೆಸಿ ಅಂಟಿಸೋ ತೆಳು ಸ್ಟಿಕರ್. ಅದನ್ನ ಮುಚ್ಚೋಕೆ ಎಪಾಕ್ಸಿ (ಎರಡು ದ್ರವ ಬೆರೆಸಿದ್ರೆ ಗಟ್ಟಿಯಾಗೋ ಪಾರದರ್ಶಕ ಅಂಟು) ಹಾಕಿದ ಮೇಲೆ ಅಕ್ಷರದ ಸುತ್ತ ಬೆಳ್ಳಿ ಹಾಗೆ ಮಬ್ಬು, ಕಪ್ಪು ಶಾಯಿ ಅಂಚಲ್ಲಿ ಹರಡಿದೆ. ಎಪಾಕ್ಸಿ ಕೆಟ್ಟದು ಅಂತ ನೀನು ಬರೆದಿದ್ದೀಯ. ಅಲ್ಲ. ಎರಡೂ ತಪ್ಪು ಎಪಾಕ್ಸಿ ಬಾಟಲಿ ತೆಗೆಯೋಕೆ ಮೊದಲೇ ಆಗಿಹೋಗಿತ್ತು.

ಮೊದಲು ಹಳೇದು ತೆಗಿ. ಹೇರ್ ಡ್ರೈಯರ್ ಇಟ್ಟು ಹದವಾಗಿ ಬೆಚ್ಚಗೆ ಮಾಡಿದ್ರೆ ಎಪಾಕ್ಸಿ ರಬ್ಬರ್ ಹಾಗೆ ಮೆತ್ತಗಾಗುತ್ತೆ, ಉಗುರಲ್ಲೋ ಹಳೇ ಎಟಿಎಂ ಕಾರ್ಡಲ್ಲೋ ಎಬ್ಬಿಸು. ಬ್ಲೇಡು ಮಾತ್ರ ಮುಟ್ಟಬೇಡ. ಕಾರ್ಬನ್ ಬ್ಲ್ಯಾಂಕ್ (ರಾಡಿನ ಬರೀ ಕೋಲು) ಮೇಲೆ ಒಂದು ಸಣ್ಣ ಗೀರು ಬಿದ್ದರೂ, ನಾಳೆ ದೊಡ್ಡ ಮಹಶೀರ್ ಮೀನು ಎಳೆದಾಗ ಮುರಿಯೋದು ಅಲ್ಲೇ.

ಶಾಯಿ ಹರಡಿದ್ದು ಯಾಕೆ ಅಂದ್ರೆ ನೀನು ಪ್ರಿಂಟ್ ತೆಗೆದದ್ದು ಇಂಕ್‌ಜೆಟ್‌ನಲ್ಲಿ. ಆ ಶಾಯಿ ನೀರಲ್ಲಿ ಕರಗುತ್ತೆ. ಪ್ರಿಂಟ್ ಆದ ಮೇಲೆ ಒಂದು ಗಂಟೆ ಬಿಟ್ಟು, ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನ ಮೂರು ಸಲ ತೆಳ್ಳಗೆ ಹೊಡಿ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಇಪ್ಪತ್ತು ನಿಮಿಷ. ದಪ್ಪಗೆ ಒಂದೇ ಸಲ ಹೊಡೆದ್ರೆ ಡಿಕಾಲ್ ಶೀಟ್ ಬಿರುಸಾಗಿ ಬ್ಲ್ಯಾಂಕ್‌ನ ಸುತ್ತಿಗೆ ಬಾಗೋದಿಲ್ಲ. ಆಮೇಲೆ ಒಂದು ಇಡೀ ದಿನ ಒಣಗಲಿ. ಲೇಸರ್ ಪ್ರಿಂಟ್ ಆದ್ರೆ ಈ ಸ್ಪ್ರೇ ಕೆಲಸವೇ ಬೇಡ, ಹತ್ತಿರದಲ್ಲಿ ಲೇಸರ್ ಇರೋ ಅಂಗಡಿ ಸಿಕ್ರೆ ಅದೇ ಒಳ್ಳೇದು. ಇನ್ನೊಂದು: ಮನೆ ಪ್ರಿಂಟರ್ ಬಿಳಿ ಬಣ್ಣ ಹಾಕೋದಿಲ್ಲ. ಕಪ್ಪು ಬ್ಲ್ಯಾಂಕ್ ಮೇಲೆ ಪಾರದರ್ಶಕ ಶೀಟ್ ಅಂಟಿಸಿದ್ರೆ ಕೆಂಪು, ನೀಲಿ ಎಲ್ಲಾ ಮುಳುಗಿಹೋಗುತ್ತೆ. ಬಿಳಿ ತಳದ ಶೀಟೇ ಬೇಕು.

ಅಳತೆನೂ ಸ್ವಲ್ಪ ಜಾಸ್ತಿ ಆಗಿದೆ. ಹಿಡಿಗಿಂತ ಸ್ವಲ್ಪ ಮೇಲೆ ಬ್ಲ್ಯಾಂಕ್ 12 ಮಿಲಿಮೀಟರ್ ದಪ್ಪ ಇದ್ರೆ ಸುತ್ತಳತೆ ಸುಮಾರು 38. ಒಂದು ಕಡೆಯಿಂದ ಕಣ್ಣಿಗೆ ಚೆನ್ನಾಗಿ ಕಾಣೋದು ಅದರಲ್ಲಿ ಮೂರನೇ ಒಂದು ಭಾಗ ಅಷ್ಟೇ. ಹಾಗಾಗಿ ಅಕ್ಷರ 5–6 ಮಿಲಿಮೀಟರ್ ಎತ್ತರ ಸಾಕು. ಕತ್ತರಿಸುವಾಗ ಸುತ್ತ 1–2 ಮಿಲಿಮೀಟರ್ ಬಿಡು, ಮೂಲೆಗಳನ್ನ ದುಂಡಗೆ ಮಾಡು. ಚೂಪು ಮೂಲೆ ಯಾವಾಗಲೂ ಮೊದಲು ಏಳುತ್ತೆ.

ಈಗ ಆ ಬೆಳ್ಳಿ ಮಬ್ಬಿನ ವಿಷಯ. ಅದು ಡಿಕಾಲ್ ಕೆಳಗೆ ಸಿಕ್ಕಿಕೊಂಡ ಗಾಳಿ. ಪಾಲಿಶ್ ಇಲ್ಲದ ಬ್ಲ್ಯಾಂಕ್ ಮೇಲೆ ಬೆರಳಾಡಿಸು, ಸಣ್ಣ ಸಣ್ಣ ಏಣು ಸಿಗುತ್ತೆ. ಫ್ಯಾಕ್ಟರಿಯಲ್ಲಿ ಟೇಪ್ ಸುತ್ತಿ ಬೇಯಿಸಿದ ಗುರುತು ಅದು. ಡಿಕಾಲಿನ ತೆಳು ಫಿಲ್ಮ್ ಆ ಏಣುಗಳ ಮೇಲೆ ಕೂತು ಮಧ್ಯೆ ಟೊಳ್ಳು ಉಳಿಯುತ್ತೆ. ಅದಕ್ಕೇ ಡಿಕಾಲ್‌ಗಿಂತ ಮೊದಲು ಒಂದು ತೆಳು ಎಪಾಕ್ಸಿ ಪದರ ಹಾಕಿ 24 ಗಂಟೆ ಬಿಡು. ಅದಕ್ಕೂ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸು, ಆಮೇಲೆ ಬೆರಳು ತಾಗಿಸಬೇಡ.

ಅಂಟಿಸೋದು ಹೀಗೆ. ಮೀನು ಹಿಡಿಯುವಾಗ ಹಿಡಿಯೋ ಹಾಗೆಯೇ ರಾಡ್ ಹಿಡಿದು, ಕಣ್ಣಿಗೆ ಕಾಣೋ ಜಾಗಕ್ಕೆ ಮಾಸ್ಕಿಂಗ್ ಟೇಪಲ್ಲಿ ಗುರುತು ಹಾಕು. ಉಗುರುಬೆಚ್ಚಗಿನ ನೀರಲ್ಲಿ ಡಿಕಾಲ್ 20–30 ಸೆಕೆಂಡ್, ಆಮೇಲೆ ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ. ನೀರಲ್ಲೇ ತೇಲೋಕೆ ಬಿಟ್ರೆ ಅಂಟು ತೊಳೆದುಹೋಗುತ್ತೆ. ಬ್ಲ್ಯಾಂಕ್ ಮೇಲೆ ಒಂದು ಹನಿ ನೀರು ಹಾಕಿ, ಅಡಿಯ ಕಾಗದವನ್ನ ಹಿಂದಕ್ಕೆ ಎಳೀತಾ ಫಿಲ್ಮನ್ನ ಜಾರಿಸು. ಒದ್ದೆ ಇಯರ್ ಬಡ್‌ನಿಂದ ಮಧ್ಯದಿಂದ ಅಂಚಿಗೆ ನೀರು ಒತ್ತಿ ತೆಗಿ. ಅಂಚು ಎದ್ದರೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಒಂದು ಹನಿ ಮುಟ್ಟಿಸು, ಫಿಲ್ಮ್ ಮೆತ್ತಗಾಗಿ ಕೂರುತ್ತೆ.

ಒಣಗಿಸೋದೇ ನಮ್ಮೂರಲ್ಲಿ ಕಷ್ಟ. ಬೇರೆ ಕಡೆ 24 ಗಂಟೆ ಅಂದ್ರೆ, ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲೂ ಅದರ ನಂತರದ ಥಂಡಿಯಲ್ಲೂ 48 ಗಂಟೆ ಅಂತ ಇಟ್ಕೋ. ಕೆಳಗೆ ತೇವ ಉಳಿದಿದ್ರೆ ಮೇಲೆ ಎಪಾಕ್ಸಿ ಹಾಕಿದ ಮೇಲೆ ಹೋಗೋಕೆ ದಾರಿಯೇ ಇಲ್ಲ. ಉದ್ದ ರಟ್ಟಿನ ಪೆಟ್ಟಿಗೆಯಲ್ಲಿ ರಾಡ್ ಇಟ್ಟು, ತಾಗದ ಹಾಗೆ ಹಳೇ ಕಾಲದ 40 ವ್ಯಾಟ್ ಬಲ್ಬ್ ಉರಿಸು, ಹತ್ತಿರದಲ್ಲೇ ಇದ್ದು ನೋಡ್ಕೋ. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋಣ ಅಂತ ಅಜ್ಜಿ ಹೇಳಿದ್ರಂತೆ, ದಯವಿಟ್ಟು ಬೇಡ. ಮಾಂಸ ಒಣಗಿಸೋ ಆ ಜಾಗದಲ್ಲಿ ಹೊಗೆ ಜೊತೆ ಜಿಡ್ಡೂ ಇರುತ್ತೆ. ಜಿಡ್ಡು ಕೂತ ಕಡೆ ಎಪಾಕ್ಸಿ ಹಿಂದೆ ಸರಿದು, ಮೀನಿನ ಕಣ್ಣಿನ ಹಾಗೆ ಗುಂಡಿ ಬೀಳುತ್ತೆ.

ಆ ಗುಂಡಿ ಸಿರಿಂಜಿನಿಂದಲೂ ಬರುತ್ತೆ. ಮೆಡಿಕಲ್ ಶಾಪಿನ ಸಿರಿಂಜಿನ ರಬ್ಬರಿಗೆ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ರಬ್ಬರ್ ಇಲ್ಲದ ಸಿರಿಂಜೇ ತಗೋ, ಎಪಾಕ್ಸಿಯ ಎರಡು ಬಾಟಲಿಯಲ್ಲಿ ರೆಸಿನ್‌ಗೆ ಒಂದು, ಅದನ್ನ ಗಟ್ಟಿ ಮಾಡೋ ಹಾರ್ಡನರ್‌ಗೆ ಒಂದು. ನಿನ್ನ ಎಪಾಕ್ಸಿ ಸಮಪಾಲಿನದು ಆದ್ರೆ 3 ಮಿಲಿಲೀಟರ್‌ಗೆ 3. ಅದಕ್ಕಿಂತ ಕಡಿಮೆ ಮಾಡಿದ್ರೆ ಒಂದೆರಡು ಹನಿ ತಪ್ಪಿದ್ರೂ ಅಂಟಂಟಾಗೇ ಉಳಿಯುತ್ತೆ. ನಿಧಾನಕ್ಕೆ ಎರಡು ಮೂರು ನಿಮಿಷ ಕಲಸಿ, ಅಲ್ಯೂಮಿನಿಯಂ ಫಾಯಿಲ್ ಮೇಲೆ ಸುರಿ. ತೆಳ್ಳಗೆ ಹರಡಿದಾಗ ಗುಳ್ಳೆ ಒಡೆಯುತ್ತೆ, ಬೇಗ ಗಟ್ಟಿಯೂ ಆಗೋದಿಲ್ಲ. ಡಿಕಾಲ್ ಮೇಲೆ ಆಲ್ಕೋಹಾಲ್ ಒರೆಸಬೇಡ, ಎಪಾಕ್ಸಿಗೆ ಥಿನ್ನರ್ ಬೆರೆಸಬೇಡ, ಎರಡೂ ಶಾಯಿ ಕದಡುತ್ತೆ.

ಮೊದಲ ಪದರ ತೀರಾ ತೆಳ್ಳಗೆ, ಫಿಲ್ಮಿನ ಅಂಚಿನಿಂದ 3–4 ಮಿಲಿಮೀಟರ್ ಆಚೆವರೆಗೂ. 24 ಗಂಟೆ ಬಿಟ್ಟು ಎರಡನೇದು, ಅಂಚಿನ ಮೆಟ್ಟಿಲು ಮುಚ್ಚೋದು ಇದೇ. ಎಪಾಕ್ಸಿ ಗಟ್ಟಿಯಾಗೋವರೆಗೆ ರಾಡ್ ತಿರುಗಿಸ್ತಾ ಇರೋಕೆ ಮೈಕ್ರೊವೇವ್ ತಟ್ಟೆಯ ಮೋಟರ್ ಸಾಕು, ನಿಮಿಷಕ್ಕೆ ಐದಾರು ಸುತ್ತು. ಮಳೆಗೆ ಕರೆಂಟ್ ಹೋದ್ರೆ ಐದು ನಿಮಿಷಕ್ಕೊಮ್ಮೆ ಅರ್ಧ ಸುತ್ತು ಕೈಯಲ್ಲೇ ತಿರುಗಿಸು, ಕನಿಷ್ಠ ಮೂರು ಗಂಟೆ. ಬಿಟ್ರೆ ಎಪಾಕ್ಸಿ ಎಲ್ಲಾ ಕೆಳಗಿಳಿದು ಹೊಟ್ಟೆ ಕಟ್ಟುತ್ತೆ.

ಸೆಪ್ಟೆಂಬರ್ 3ರ ಹಬ್ಬಕ್ಕೆ ಬೇಕು ಅಂದ್ರೆ ಆಗಸ್ಟ್ 20ಕ್ಕೆ ಪ್ರಿಂಟ್ ತೆಗಿ, 21ಕ್ಕೆ ತಳದ ಪದರ, 22ಕ್ಕೆ ಡಿಕಾಲ್, 24ಕ್ಕೂ 25ಕ್ಕೂ ಎಪಾಕ್ಸಿ. ಆಮೇಲೆ ಏಳು ದಿನ ಬಟ್ಟೆ ಚೀಲಕ್ಕೆ ಹಾಕಬೇಡ, ಬಟ್ಟೆಯ ನೇಯ್ಗೆ ಅಚ್ಚಾಗಿಬಿಡುತ್ತೆ. ತಳದ ಪದರ ಒಣಗಿದ ಕೂಡಲೇ ಟ್ಯೂಬ್‌ಲೈಟ್ ಕೆಳಗೆ ಒಂದು ಫೋಟೋ ತೆಗೆದು ಹಾಕು. ಬೆಳಕಿನ ಗೆರೆ ನೆಟ್ಟಗೆ ಕಾಣುತ್ತಾ ಅಂತ ನೋಡಿ ಹೇಳ್ತೀನಿ, ಅಲ್ಲಿವರೆಗೆ ಡಿಕಾಲ್ ನೀರಿಗೆ ಹಾಕಬೇಡ.