ನಾಲ್ಕು ವರ್ಷದ ಮಗುವಿಗೆ ಎರಡು ಸೂಜಿ: ಏನು ಹೇಳಬೇಕು, ಏನು ಹೇಳಬಾರದು

ಪ್ರಶ್ನೆ, ಕೆನಡಾದ ಬ್ರಾಂಪ್ಟನ್‌ನಿಂದ: ಮಗಳಿಗೆ ಲಸಿಕೆಯ ಬೂಸ್ಟರ್ ಹಾಕಿಸಬೇಕು, ಒಂದೇ ದಿನ ಎರಡು ಸೂಜಿ. ಮೊದಲೇ ಹೇಳಬೇಕಾ, ಇಲ್ಲ ನಮ್ಮತ್ತೆ ಹೇಳೋ ಹಾಗೆ ಪಾರ್ಕಿಗೆ ಅಂತ ಕರ್ಕೊಂಡು ಹೋಗಿ ಮುಗಿಸಿಬಿಡೋದಾ? ಚರ್ಮ ಮರಗಟ್ಟಿಸುವ ಕ್ರೀಮ್ ಸಿಗುತ್ತಂತೆ. ಅದರಿಂದ ಉಪಯೋಗ ಇದೆಯಾ?

ಮಕ್ಕಳ ನರ್ಸ್, ಟೊರಾಂಟೊ: ಪಾರ್ಕಿನ ನೆಪ ಬೇಡ. ಒಂದು ಸಲ ಕೆಲಸ ಆಗುತ್ತೆ, ಆಮೇಲೆ ಪಾರ್ಕಿಗೆ ಅಂದರೂ ಕಾರು ಹತ್ತಲ್ಲ. ಹಾಗಂತ ವಾರದ ಮುಂಚೆ ಹೇಳಿದರೆ ವಾರವಿಡೀ ಅದೇ ಚಿಂತೆ. ಈ ವಯಸ್ಸಿಗೆ ಅದೇ ದಿನ ಬೆಳಿಗ್ಗೆ ಸಾಕು. "ಇವತ್ತು ತೋಳಿಗೆ ಎರಡು ಸೂಜಿ ಇದೆ. ಚುರುಕ್ ಅನ್ನಬಹುದು. ನೀನು ನನ್ನ ತೊಡೆ ಮೇಲೇ ಕೂತಿರ್ತೀಯ, ಇಬ್ಬರೂ ಸೋಪಿನ ಗುಳ್ಳೆ ಊದೋಣ." ಇಷ್ಟು ಹೇಳಿ ಬೇರೆ ಮಾತಿಗೆ ಹೋಗಿ.

ನಮ್ಮ ಮನೆಗಳಲ್ಲಿ ಎಡವೋದು ಒಂದು ಮಾತಿನಲ್ಲಿ: "ಏನೂ ಆಗಲ್ಲ ಪುಟ್ಟಾ, ಏನೂ ಆಗಲ್ಲ." ಕೇಳೋಕೆ ಸಮಾಧಾನದ ಮಾತೇ. ಆದರೆ ಕೆನಡಾದಲ್ಲಿ ಮೇಗನ್ ಮೆಕ್‌ಮರ್ಟ್ರಿ, ಕ್ರಿಸ್ಟೀನ್ ಚೇಂಬರ್ಸ್ ಮೊದಲಾದ ಸಂಶೋಧಕರು ಸೂಜಿ ಚುಚ್ಚುವ ಹೊತ್ತಿನ ಅಪ್ಪ-ಅಮ್ಮಂದಿರ ಮಾತನ್ನು ಬಿಡಿಸಿ ನೋಡಿದಾಗ, ಇಂಥ ಸಮಾಧಾನ ಹೆಚ್ಚಿದಲ್ಲಿ ಮಗುವಿನ ಸಂಕಟವೂ ಹೆಚ್ಚೇ ಇತ್ತು. ಅಮ್ಮನ ಮುಖ ಬಿಗಿದು ದನಿ ಮೇಲಕ್ಕೇರಿದಾಗಲೇ ಈ ಮಾತು ಬರುತ್ತೆ ಅಂತ ಮಗುವಿಗೆ ಗೊತ್ತು. ಅದು ಮಾತಿಗಿಂತ ಮುಖವನ್ನು ನಂಬುತ್ತೆ. "ಸಾರಿ ಕಂದಾ" ಅಂತ ಪದೇಪದೇ ಹೇಳೋದೂ ಹಾಗೇ. ಇನ್ನೊಂದು ತುದಿಗೆ ಹೋಗಿ "ಇಷ್ಟಕ್ಕೆಲ್ಲ ಅಳ್ತಾರಾ?" ಅಂದರೆ ಅಳು ಒಳಗೆ ಹೋಗಬಹುದು, ನೋವಂತೂ ಹೋಗಲ್ಲ. ಒಂದೇ ಒಂದು ಸಲ "ಹೌದು, ಚುಚ್ಚಿತು" ಅಂತ ಒಪ್ಪಿಕೊಳ್ಳಿ, ತಕ್ಷಣ ಕೈಗೊಂದು ಕೆಲಸ ಕೊಡಿ: "ಊದು, ದೊಡ್ಡ ಗುಳ್ಳೆ!"

ಆ ಕೆಲಸ ಸೂಜಿಗೆ ಮುಂಚೆ ಶುರುವಾಗಿರಬೇಕು. ಅಳು ಏರಿದ ಮೇಲೆ ಫೋನ್ ಹಿಡಿದರೆ ಮಗು ಅದನ್ನು ತಳ್ಳುತ್ತೆ. ಬೆನ್ನಿನ ಮೇಲೆ ಮಲಗಿಸಿ ಕೈಕಾಲು ಒತ್ತಿ ಹಿಡಿಯೋದು ಬೇಡ, ಭಯ ದುಪ್ಪಟ್ಟಾಗುತ್ತೆ. ತೊಡೆ ಮೇಲೆ ಅಡ್ಡಲಾಗಿ ಕೂರಿಸಿ, ಮಗುವಿನ ಒಳಗಡೆಯ ಕೈ ನಿಮ್ಮ ಬೆನ್ನ ಹಿಂದೆ ಹೋಗಲಿ, ಅದರ ಕಾಲು ನಿಮ್ಮ ಮಂಡಿಗಳ ನಡುವೆ ಇರಲಿ, ಸೂಜಿಯ ತೋಳನ್ನು ಮೊಣಕೈ ಹತ್ತಿರ ಮೆತ್ತಗೆ ಹಿಡಿಯಿರಿ. ಎರಡರಲ್ಲಿ ಯಾವುದು ಹೆಚ್ಚು ಉರಿಯುತ್ತೆ ಅಂತ ಸೂಜಿ ಹಾಕುವವರನ್ನೇ ಕೇಳಿ, ಅದನ್ನು ಕೊನೆಗೆ ಹಾಕಲು ಹೇಳಿ. ಇದು ಅಧಿಕಪ್ರಸಂಗ ಅಲ್ಲ. ಲಸಿಕೆಯ ನೋವು ತಗ್ಗಿಸುವ ಬಗ್ಗೆ ಕೆನಡಾದ 2015ರ ಮಾರ್ಗಸೂಚಿಯಲ್ಲೇ ಇರುವ ಮಾತು. ಒಂದು ವರ್ಷದೊಳಗಿನ ಕೂಸಾದರೆ ಇಷ್ಟೆಲ್ಲ ಬೇಡ, ಸೂಜಿಗೆ ಮುಂಚಿನಿಂದ ಮುಗಿಯುವವರೆಗೂ ಎದೆಹಾಲು ಕುಡಿಸುತ್ತಿರಿ.

ಫಾರ್ಮಸಿಸ್ಟ್, ಬರ್ಮಿಂಗ್‌ಹ್ಯಾಮ್: ಕ್ರೀಮಿಂದು ನಾ ಹೇಳ್ತೀನಿ ನೋಡ್ರಿ ಅಕ್ಕಾರ. ಲಿಡೊಕೇನ್-ಪ್ರಿಲೊಕೇನ್ ಇರೋ ಎಮ್ಲಾ 60 ನಿಮಿಷ ಇರಬೇಕು, ನಿಮ್ಮ ಕಡೆ ಸಿಗೋ ಮ್ಯಾಕ್ಸಿಲೀನ್ 30 ನಿಮಿಷ. "ಕ್ರೀಮ್ ಹಚ್ಚಿದ್ವಿ, ಏನೂ ಆಗ್ಲಿಲ್ಲ" ಅನ್ನವ್ರು ಬಹಳ ಮಂದಿ ಕ್ಲಿನಿಕ್ಕಿನ ಬಾಗಿಲದಾಗ ಹಚ್ಚಿರ್ತಾರ, ಇಲ್ಲಾ ಮುಖದ ಕ್ರೀಮಿನಂಗ ತಿಕ್ಕಿರ್ತಾರ. ಎಮ್ಲಾ ತಿಕ್ಕಬ್ಯಾಡ್ರಿ. ಒಂದು ಜಾಗಕ್ಕ 1ರಿಂದ 2 ಗ್ರಾಂ, ದಪ್ಪಗ ಗುಪ್ಪಿ ಹಾಕಿದಂಗ ಬಿಟ್ಟು, ಮ್ಯಾಲೆ ಪಾರದರ್ಶಕ ಪಟ್ಟಿ ಅಂಟಸ್ರಿ. ಎರಡು ತೋಳಿಗೂ ಹಚ್ರಿ, ಜಾಗ ಮೊದಲ ನರ್ಸ್ ಹತ್ರ ಕೇಳಿ ಗುರುತು ಮಾಡ್ಕೊಳ್ರಿ. ಪಟ್ಟಿ ಕೀಳಾಕ ಹೋದ್ರ ಸೂಜಿಗಿಂತ ಜೋರು ಅಳು ಬರ್ತದ. ಅಂಚು ಎತ್ತಿ ಚರ್ಮಕ್ಕ ಸಮನಾಗಿ ಅಡ್ಡ ಎಳೀರಿ, ತಾನ ಬಿಡ್ತದ. ಚರ್ಮ ಬೆಳ್ಳಗಾದ್ರ ಗಾಬರಿ ಬ್ಯಾಡ. ಇಸಬು, ಗಾಯ ಇದ್ದಲ್ಲಿ ಹಚ್ಚಬ್ಯಾಡ್ರಿ. ಸಣ್ಣ ಕೂಸುಗಳಿಗೆ ಪ್ರಿಲೊಕೇನ್ ಹೆಚ್ಚಾದ್ರ ರಕ್ತದ ಆಮ್ಲಜನಕ ಸಾಗಣೆಗೆ ತೊಂದ್ರಿ ಆಗ್ತದ, ಅವ್ರಿಗೆ ಕೇಳದ ಹಚ್ಚಲೇಬ್ಯಾಡ್ರಿ. ಮತ್ತ, ಇದು ಚರ್ಮ ಮಾತ್ರ ಮರಗಟ್ಟಸ್ತದ, ಒಳಗ ಒತ್ತಿದಂಗ ಆಗೇ ಆಗ್ತದ. ಅದನ್ನೂ ಹುಡುಗಿಗೆ ಮೊದ್ಲ ಹೇಳ್ರಿ, ಇಲ್ಲಂದ್ರ ಮೋಸ ಮಾಡಿದ್ರಿ ಅಂತಾಳ.

ಊರಿಂದ ತಂದ ಸಿರಪ್ ಬಗ್ಗೆ ಒಂದು ಮಾತು. ನಮ್ಮ ಭಾರತದಾಗ ಪ್ಯಾರಾಸಿಟಮಾಲ್ 5 ಮಿಲಿಗೆ 120, 125, 250 ಮಿಲಿಗ್ರಾಂ ಹಿಂಗ ಬರ್ತದ, ಡ್ರಾಪ್ಸ್ ಅಂದ್ರ 1 ಮಿಲಿಗೇ 100. ಅಮೆರಿಕದಾಗ 5 ಮಿಲಿಗೆ 160. ಹದಿನಾರು ಕಿಲೋ ಮಗುವಿಗೆ ಕಿಲೋಕ್ಕ 15ರ ಲೆಕ್ಕದಾಗ 240 ಮಿಲಿಗ್ರಾಂ, ಅಂದ್ರ ಅಮೆರಿಕದ ಸಿರಪ್ 7.5 ಮಿಲಿ. ಅದೇ 7.5 ಮಿಲಿ ನಮ್ಮ ಡ್ರಾಪ್ಸ್ ಹಾಕಿದ್ರ 750, ಮೂರು ಪಟ್ಟು! ಹೊಸ ದೇಶಕ್ಕ ಬಂದ ಮ್ಯಾಲೆ ಅಲ್ಲಿನ ಬಾಟ್ಲಿ, ಅದರ ಜೋಡಿ ಬಂದ ಸಿರಿಂಜ್, ಅದರ ಮ್ಯಾಲಿನ ಲೆಕ್ಕ. ಹಳೇ ಬಾಟ್ಲಿ ಮನ್ಯಾಗ ಇಡಬ್ಯಾಡ್ರಿ. ಸೂಜಿಗೆ ಮುಂಚೆ "ಇರಲಿ" ಅಂತ ಸಿರಪ್ ಹಾಕೋದೂ ಬ್ಯಾಡ. ಸೂಜಿ ನೋವು ಅದಕ್ಕ ಕಡಿಮೆ ಆಗಂಗಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಮಗು ಬಿದ್ದಾಗ ಅತ್ತೆ ನೆಲಕ್ಕೆ ಎರಡೇಟು ಹಾಕಿ "ನೋಡು, ಇರುವೆ ಸತ್ತೋಯ್ತು" ಅಂತಾರಲ್ಲ, ಅದೂ ತಪ್ಪಾ? ಇನ್ನೊಂದು: ದೊಡ್ಡವನಿಗೆ ಎಂಟು ವರ್ಷ, ಸೋಮವಾರ ಬಂದರೆ ಹೊಟ್ಟೆನೋವು.

ಮಕ್ಕಳ ಮನಶ್ಶಾಸ್ತ್ರಜ್ಞೆ, ನ್ಯೂ ಜೆರ್ಸಿ: ಇರುವೆ ಸಾಯಲಿ ಬಿಡಿ, ಗಮನ ಬೇರೆಡೆ ತಿರುಗಿಸೋದಕ್ಕೆ ಅದು ಒಳ್ಳೆಯ ಉಪಾಯವೇ. ಪೆಟ್ಟಾದ ಜಾಗ ಉಜ್ಜೋದರಲ್ಲೂ ಅರ್ಥ ಇದೆ. ಸ್ಪರ್ಶದ ಸಂಕೇತ ಬೆನ್ನುಹುರಿಯಲ್ಲೇ ನೋವಿನ ಸಂಕೇತವನ್ನು ತಡೆಯಬಲ್ಲದು ಅಂತ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಅತ್ತೆಯವರನ್ನು ನಿಲ್ಲಿಸಬೇಕಾದ್ದು ಎರಡು ಕಡೆ. "ಊಟ ಮಾಡದಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ" ಅನ್ನೋದು ಒಂದು. ಸುಟ್ಟ ಗಾಯಕ್ಕೆ ಕಾಫಿಪುಡಿಯೋ ಟೂತ್‌ಪೇಸ್ಟೋ ಮೆತ್ತೋದು ಇನ್ನೊಂದು. ಸುಟ್ಟರೆ ಹರಿಯುವ ತಣ್ಣೀರು, 20 ನಿಮಿಷ, ಐಸ್ ಅಲ್ಲ.

"ಹುಡುಗಿ, ಸ್ವಲ್ಪಕ್ಕೇ ಅಳ್ತಾಳೆ" ಅನ್ನೋರಿಗೆ ಒಂದು ಮಾತು. ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುವ ಒಂದೇ ಮಗುವಿನ ಒಂದೇ ವಿಡಿಯೊವನ್ನು ಅರ್ಧ ಜನಕ್ಕೆ ಹುಡುಗ, ಅರ್ಧ ಜನಕ್ಕೆ ಹುಡುಗಿ ಅಂತ ಹೇಳಿ ತೋರಿಸಿದ ಅಧ್ಯಯನ 2019ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಬಂತು. ಹುಡುಗ ಅಂದುಕೊಂಡವರು ನೋವಿಗೆ ಹೆಚ್ಚು ಅಂಕ ಕೊಟ್ಟರು. ಹೆಣ್ಣುಮಗುವಿನ ನೋವಿಗೆ ನಾವು ಹೀಗೆ ಗೊತ್ತಿಲ್ಲದೆಯೇ ಅಂಕ ಕಳೀತೀವಿ.

ಇನ್ನು ಸೋಮವಾರದ ಹೊಟ್ಟೆನೋವು. ಅದು ನಾಟಕ ಅಲ್ಲ, ನೋವು ನಿಜವಾಗಿಯೂ ಇದೆ. ಅದು ಬೆಳೆಯೋದೋ ಇಳಿಯೋದೋ ಅನ್ನೋದರಲ್ಲಿ ನಮ್ಮ ಪಾಲೂ ಇದೆ. ಸಂಶೋಧಕಿ ಲಿನ್ ವಾಕರ್ ತಂಡ 2006ರಲ್ಲಿ ಹೊಟ್ಟೆನೋವಿರುವ ಮತ್ತು ಇಲ್ಲದ ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಕೆಲವು ಅಪ್ಪ-ಅಮ್ಮಂದಿರಿಗೆ ನೋವಿನ ಬಗ್ಗೆಯೇ ಮಾತಾಡಿ, ಕೆಲವರಿಗೆ ಬೇರೆ ಮಾತಾಡಿ ಅಂದಿತು, ಉಳಿದವರಿಗೆ ಏನೂ ಹೇಳಲಿಲ್ಲ. ಈ ಕೊನೆಯವರಿಗೆ ಹೋಲಿಸಿದರೆ ನೋವನ್ನೇ ವಿಚಾರಿಸಿದ ಕಡೆ ದೂರು ಹೆಚ್ಚುಕಮ್ಮಿ ಎರಡು ಪಟ್ಟಾಯಿತು, ಬೇರೆ ಮಾತಾಡಿದ ಕಡೆ ಅರ್ಧಕ್ಕಿಳಿಯಿತು. ನನಗೆ ಮುಖ್ಯ ಅನ್ನಿಸೋದು ಇದರ ಮುಂದಿನದು: ಬೇರೆ ಮಾತಿಗೆ ಎಳೆದಾಗ ಮಕ್ಕಳಿಗೆ ಹಿತ ಅನ್ನಿಸಿತ್ತು, ಆದರೆ ಹೊಟ್ಟೆನೋವಿನ ಮಕ್ಕಳ ಅಪ್ಪ-ಅಮ್ಮಂದಿರಿಗೇ ಅದು ಮಗುವಿಗೆ ಒಳ್ಳೆಯದಲ್ಲ ಅನ್ನಿಸಿತ್ತು. ನಾವು ಕಲ್ಲುಮನಸ್ಸಿನವರಾದೆವೇನೋ ಅನ್ನುವ ಅಳುಕಿನಲ್ಲೇ ಐದು ಸಲ "ಇನ್ನೂ ನೋಯ್ತಿದೆಯಾ?" ಅಂತ ಕೇಳ್ತೀವಿ.

ಮೊದಲು ಡಾಕ್ಟರಿಗೆ ತೋರಿಸಬೇಕಾದ ಲಕ್ಷಣ ನೋಡಿ: ತೂಕ ಇಳಿಯೋದು, ಮಲದಲ್ಲಿ ರಕ್ತ, ಪದೇಪದೇ ವಾಂತಿ, ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳಿಂದ ದೂರ ಒಂದೇ ಕಡೆ ನಿಂತ ನೋವು. ಹಸಿರು ವಾಂತಿಯಾದರೆ, ಬಲಗಡೆ ಕೆಳಹೊಟ್ಟೆಗೆ ಸರಿದು ಹೆಚ್ಚುತ್ತಿದ್ದರೆ ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಅವು ಯಾವುವೂ ಇಲ್ಲದಿದ್ದರೆ ಮಲಬದ್ಧತೆ ಹುಡುಕಿ. ಇಲ್ಲಿ ನಮ್ಮ ಮಕ್ಕಳಿಗೇ ವಿಶೇಷವಾದ ಕಾರಣ ಒಂದಿದೆ. ಮನೆಯಲ್ಲಿ ನೀರು, ಮಗ್. ಶಾಲೆಯಲ್ಲಿ ಬರೀ ಕಾಗದ. ಮಗು ದಿನವಿಡೀ ತಡೆದುಕೊಳ್ಳುತ್ತೆ, ಯಾರಿಗೂ ಹೇಳಲ್ಲ. ಮನೆಯಲ್ಲೇ ಕಾಗದದಲ್ಲಿ ಒರೆಸೋದು ರೂಢಿ ಮಾಡಿಸಿ, ಬ್ಯಾಗಿನಲ್ಲಿ ಒದ್ದೆ ವೈಪ್ಸ್ ಇಡಿ, ಅದನ್ನು ಕಸದ ಬುಟ್ಟಿಗೆ ಹಾಕಬೇಕು, ಫ್ಲಶ್ ಮಾಡಬಾರದು ಅಂತ ಹೇಳಿ. ತಿಂಡಿ ಆದ ಮೇಲೆ 5-10 ನಿಮಿಷ ಕಮೋಡಿನಲ್ಲಿ, ಪಾದದ ಕೆಳಗೆ ಸ್ಟೂಲ್. ಇದಕ್ಕೆ ಬೆಳಿಗ್ಗೆ 20 ನಿಮಿಷ ಬೇಗ ಏಳಬೇಕು, ಬಹಳ ಮನೆಗಳಲ್ಲಿ ಕೆಡೋದು ಇಲ್ಲೇ.

ಸೋಮವಾರ ಒಂದೇ ಸಲ ಕೇಳಿ, ಹೊಟ್ಟೆ ಮುಟ್ಟಿ ನೋಡಿ, "ನೋವಿದೆ, ಗೊತ್ತಾಯ್ತು. ಶಾಲೆಗೆ ಹೋಗೋಣ" ಅಂತ ಹೊರಡಿಸಿ. ಮನೆಯಲ್ಲಿ ಉಳಿಸಲೇಬೇಕಾದರೆ ಆ ದಿನ ಟ್ಯಾಬ್ ಇಲ್ಲ, ಟಿವಿ ಇಲ್ಲ, ಬೆಣ್ಣೆದೋಸೆ ಇಲ್ಲ. ಮಲಗಬೇಕು, ಓದಬೇಕು. ಶಾಲೆಯಲ್ಲಿ ಯಾರಾದರೂ ಡಬ್ಬಿಯ ವಾಸನೆಗೆ ಮೂಗು ಮುಚ್ಚಿಕೊಳ್ತಾರಾ, ಪಕ್ಕ ಕೂರಲ್ವಾ ಅನ್ನೋದನ್ನು ನೋವಿನ ಹೊತ್ತಿನಲ್ಲಿ ಕೇಳಬೇಡಿ. ಭಾನುವಾರ ಮಧ್ಯಾಹ್ನ ಆಟದ ನಡುವೆ ಕೇಳಿ.

ಮಕ್ಕಳ ನರ್ಸ್, ಟೊರಾಂಟೊ: ಸೂಜಿ ಆದ ಮೇಲಿನದು ಬಿಟ್ಟುಹೋಗಿತ್ತು. ಮುಂದಿನ ಸಲದ ಭಯ ಈ ಸಲದ ನೆನಪಿನ ಮೇಲೆ ನಿಂತಿರುತ್ತೆ, ಕ್ಯಾಲ್ಗರಿಯಲ್ಲಿ ಸಂಶೋಧಕಿ ಮೆಲಾನಿ ನೋಯೆಲ್ ಇದರ ಮೇಲೇ ಕೆಲಸ ಮಾಡ್ತಾರೆ. ರಾತ್ರಿ "ಅಯ್ಯೋ ಎಷ್ಟು ಅತ್ತೆ ನೀನು" ಅಂತ ಅಜ್ಜಿಗೆ ವಿಡಿಯೊ ಕಾಲಿನಲ್ಲಿ ಕಥೆ ಹೇಳಬೇಡಿ, ಮಗು ಕೇಳಿಸಿಕೊಳ್ಳುತ್ತಿರುತ್ತೆ. "ಎರಡನೇ ಸೂಜಿಗೆ ನೀನು ಎಷ್ಟು ದೊಡ್ಡ ಗುಳ್ಳೆ ಊದಿದೆ!" ಅಂತ ಅದು ಮಾಡಿದ್ದನ್ನು ಹೆಸರಿಟ್ಟು ಹೇಳಿ.

ಇಲ್ಲಿ ಒಂಟಾರಿಯೊದಲ್ಲಿ ಏಳನೇ ಕ್ಲಾಸಿನಲ್ಲಿ ಶಾಲೆಯಲ್ಲೇ ಲಸಿಕೆ ಹಾಕ್ತಾರಲ್ಲ, ಆ ವಯಸ್ಸಿನವರಲ್ಲಿ ತಲೆಸುತ್ತಿ ಬೀಳುವವರಿಗೆ ಉದ್ದ ಉಸಿರಿಗಿಂತ ಸ್ನಾಯು ಬಿಗಿಯೋದು ಒಳ್ಳೇದು. ತೊಡೆ, ಹೊಟ್ಟೆ ಬಿಗಿದು 10-15 ಸೆಕೆಂಡ್, ಮುಖ ಬಿಸಿಯಾದ ಮೇಲೆ 20-30 ಸೆಕೆಂಡ್ ಸಡಿಲ, ಹೀಗೆ ನಾಲ್ಕೈದು ಸಲ. ಸೂಜಿಯ ತೋಳು ಮಾತ್ರ ಸಡಿಲವಾಗಿರಬೇಕು. ಮಲಗಿಸಿಯೇ ಹಾಕಿ ಅಂತ ಮೊದಲೇ ಬರೆದು ಕಳಿಸಿ, ಆಮೇಲೆ 15 ನಿಮಿಷ ಏಳಬಾರದು.