ಚರ್ಚಿನ ಊಟಕ್ಕೆ 40 ಜನಕ್ಕೆ ಏನು ಮಾಡಿಕೊಂಡು ಹೋಗಲಿ?

ಹಳಿಯಾಳದ ಮಗಳು:
ಮದುವೆಯಾಗಿ ಕಾರವಾರಕ್ಕೆ ಬಂದು ಒಂದು ವರ್ಷ ಆಯ್ತು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಊಟ, ಪ್ರತಿ ಮನೆಯಿಂದ ಒಂದೊಂದು ಅಡುಗೆ ತರಬೇಕು. ಹೋದ ಸಲ ಹಸಿ ಕಾಯಿ ಅರೆದು ಸಿಗಡಿ ಸಾರು ಮಾಡಿದ್ದೆ. ಬೆಳಿಗ್ಗೆ ಏಳಕ್ಕೆ ಇಳಿಸಿದ್ದು, ಒಂದು ಗಂಟೆಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಮೇಲೆ ಸಣ್ಣ ನೊರೆ. ಯಾರಿಗೂ ಬಡಿಸದೆ ವಾಪಸ್ ತಂದೆ, ತುಂಬಾ ಬೇಜಾರಾಯ್ತು. ಈ ಸಲ ಎಲ್ಲರೂ ಇಷ್ಟಪಟ್ಟು ತಿನ್ನುವಂಥದ್ದು ಒಯ್ಯಬೇಕು. ಶಿರಸಿಯಿಂದ ನಾಲ್ಕೈದು ಜನ ಸಸ್ಯಾಹಾರಿಗಳೂ ಬರುತ್ತಾರಂತೆ.

ಬೈತಖೋಲ ಅಜ್ಜಿ:
ಸೊರ್ಪೊತೆಲ್ ಮಾಡು ಮಗಳೇ. ಗೋವಾ ಕಡೆಯಿಂದ ನಮ್ಮಲ್ಲಿಗೆ ಬಂದ ಪೋರ್ಚುಗೀಸರ ಕಾಲದ ಅಡುಗೆ, ವಿನೆಗರ್ ಇರುವುದರಿಂದ ಸುಲಭಕ್ಕೆ ಕೆಡುವುದಿಲ್ಲ, ಎರಡು ಮೂರು ದಿನ ಕಳೆದ ಮೇಲೇ ಅದಕ್ಕೆ ರುಚಿ ಬರುವುದು. ಗುರುವಾರವೇ ಮಾಡಿಬಿಡು. ಹಂದಿ ಮಾಂಸ, ಲಿವರ್ ದೊಡ್ಡ ತುಂಡಾಗಿ ಬೇಯಿಸಿ, ಆರಿದ ಮೇಲೆ ಸಣ್ಣಗೆ ಹೆಚ್ಚಿ, ಅದರದೇ ಕೊಬ್ಬಿನಲ್ಲಿ ಕೆಂಪಗೆ ಹುರಿದು, ಆಮೇಲೆ ವಿನೆಗರ್‌ನಲ್ಲಿ ಅರೆದ ಮೆಣಸಿನ ಮಸಾಲೆ ಹಾಕು. ಫ್ರಿಜ್‌ನಲ್ಲಿಟ್ಟು ದಿನಕ್ಕೊಮ್ಮೆ ಚೆನ್ನಾಗಿ ಕುದಿಸು, ಸಾಕು. ಎರಡು ಕಿಲೋ ಮಾಂಸ ಆದೀತು. ಎಲ್ಲರ ಹೊಟ್ಟೆ ತುಂಬಿಸುವಷ್ಟು ನೀನೊಬ್ಬಳೇ ಮಾಡಬೇಕಿಲ್ಲ, ಹತ್ತು ಮನೆಯ ಪಾತ್ರೆ ಇರುತ್ತದಲ್ವಾ, ಒಬ್ಬೊಬ್ಬರಿಗೆ ಎರಡು ಚಮಚ ಬಂದರೆ ಆಯ್ತು.

ಕುಮಟಾ ಅಡುಗೆಮನೆ:
ಅಜ್ಜಿ ಹೇಳಿದ್ದು ಸರಿ, ಆದರೆ ಎಲ್ಲರೂ ಹಂದಿ ತಿನ್ನುವುದಿಲ್ಲ. ಇನ್ಯಾರು ಏನು ತರುತ್ತಾರೆ ಅಂತ ಮೊದಲು ಕೇಳಿಕೋ. ಸೊರ್ಪೊತೆಲ್ ಮೂರು ಮನೆಯಿಂದ ಬಂದು, ಅದರ ಜೊತೆ ತಿನ್ನುವ ಸಾನ್ನಾ (ಅಕ್ಕಿ ಹಿಟ್ಟು ಉಬ್ಬಿಸಿ ಹಬೆಯಲ್ಲಿ ಬೇಯಿಸಿದ ಇಡ್ಲಿಯಂಥದ್ದು) ಒಂದು ಮನೆಯಿಂದ ಬಂದರೆ ಕಷ್ಟ. ನಮ್ಮಲ್ಲಿ ಯಾವಾಗಲೂ ಮೊದಲು ಖಾಲಿಯಾಗುವುದು ಸಾನ್ನಾ. ಕಳ್ಳು ಸಿಗದಿದ್ದರೆ ಈಸ್ಟ್ ಹಾಕಿ ಹಿಟ್ಟು ಉಬ್ಬಿಸಿ. ಬೇಯಿಸಿ ತಟ್ಟೆಯಿಂದ ತೆಗೆದ ಕೂಡಲೇ ಡಬ್ಬಿಗೆ ತುಂಬಬೇಡಿ, ಬೆವರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆರಿಸಿ, ತೆಳು ಬಟ್ಟೆ ಹಾಸಿ ಇಡಿ.

ಶಿರಸಿ ಪೇಟೆ:
ಸಸ್ಯಾಹಾರಿಗಳಿಗೆ ಸುಮ್ನೆ ಒಂದು ಅನ್ನ ಸಾರು ಇಟ್ಟು ಮುಗಿಸಬೇಡಿ. ಅಪ್ಪೆಹುಳಿ ಮಾಡಿ. ಮಾವಿನಕಾಯಿ ಬೇಯಿಸಿ ಕಿವುಚಿ, ನೀರು, ಉಪ್ಪು, ಸ್ವಲ್ಪ ಬೆಲ್ಲ, ಮೇಲೆ ಸಾಸಿವೆ, ಮೆಣಸಿನಕಾಯಿ, ಇಂಗಿನ ಒಗ್ಗರಣೆ. ತೆಂಗಿನಕಾಯಿ ಇಲ್ಲ, ಬೇಳೆ ಇಲ್ಲ, ಬಿಸಿ ಮಾಡುವ ಕೆಲಸವೂ ಇಲ್ಲ. ಲೋಟದಲ್ಲಿ ಕೊಟ್ಟರೆ ಮಾಂಸ ತಿಂದವರೂ ಕೇಳಿ ಕುಡಿಯುತ್ತಾರೆ. ಸಿಹಿಗೆ ತೊಡದೇವು ತರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಗರಿಗರಿಯಾಗಿ ಉಳಿಯುತ್ತದೆ. ಇನ್ನೊಂದು ಮಾತು, ಸಸ್ಯಾಹಾರದ ಪಾತ್ರೆಗಳನ್ನು ಬೇರೆ ಮೇಜಿನ ಮೇಲಿಡಿ, ಸೌಟೂ ಬೇರೆ. ಒಂದೇ ಸೌಟು ಎರಡು ಕಡೆ ಓಡಾಡಿದರೆ ಅವರು ಹಸಿದುಕೊಂಡೇ ಎದ್ದು ಹೋಗುತ್ತಾರೆ.

ಹಳಿಯಾಳದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಯವರನ್ನು ಕೇಳಿದೆ, ಸೊರ್ಪೊತೆಲ್ ಆಗಲೇ ಇಬ್ಬರು ಹೇಳಿದ್ದಾರಂತೆ. ಹಾಗಾಗಿ ನನ್ನದು 80 ಸಾನ್ನಾ, ಜೊತೆಗೆ ಒಂದು ದೊಡ್ಡ ಪಾತ್ರೆ ಅಪ್ಪೆಹುಳಿ. ಅಜ್ಜಿ, ನಿಮ್ಮ ಸೊರ್ಪೊತೆಲ್ ಕ್ರಿಸ್ಮಸ್‌ಗೆ ಮಾಡುತ್ತೇನೆ, ಆಗ ಮಸಾಲೆಯ ಅಳತೆ ಕೇಳುತ್ತೇನೆ.